ಇನ್ನೊಬ್ಬರ ಕುರ್ಚಿಯಲ್ಲಿ ಐದು ತಿಂಗಳು: ಬದಲಿ ಸ್ಪೀಚ್ ಥೆರಪಿಸ್ಟ್ ಆಗಿ ಶಾಲೆಗೆ ಹೋದ ಅನುಭವ

ಕಳೆದ ಶುಕ್ರವಾರ ಬೀರುವಿನ ಕೀ ವಾಪಸ್ ಕೊಟ್ಟು ಬಂದೆ. ಐದು ತಿಂಗಳು ಎರಡು ಶಾಲೆಗಳಲ್ಲಿ ಬದಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಅಲ್ಲಿನ ಕಾಯಂ ಥೆರಪಿಸ್ಟ್ ಹೆರಿಗೆ ರಜೆಗೆ ಹೋಗಿದ್ದರು. ಅದಕ್ಕೂ ಮುಂಚೆ ಆರು ವರ್ಷ ಕ್ಲಿನಿಕ್ಕಿನಲ್ಲೇ ಇದ್ದವಳು ನಾನು. ಶಾಲೆಯಲ್ಲೂ ಅದೇ ಕೆಲಸ ತಾನೇ, ಜಾಗ ಮಾತ್ರ ಬೇರೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಹೋಗುವ ಮುಂಚೆ ಇದರ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಹುಡುಕಿದ್ದೆ, ನನ್ನ ಕಣ್ಣಿಗೆ ಬೀಳಲಿಲ್ಲ. ಅದಕ್ಕೇ ಮರೆಯುವ ಮುಂಚೆ ಬರೆದುಬಿಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಕೆಲಸ ಸಿಗುವುದು ಕಷ್ಟವಾಗಲಿಲ್ಲ. ಫೋನಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿದರು, "ಸೋಮವಾರದಿಂದ ಬರ್ತೀರಾ ಮೇಡಂ?" ಅಂತ ಕೇಳಿದರು. ಆ ಸೋಮವಾರ ಬರೋಕೆ ಏಳು ವಾರ ಹಿಡಿಯಿತು. ಎಲ್ಲಾ ಕಾಗದದ ಕೆಲಸ. ಡಿಗ್ರಿ, ಎಲ್ಲಾ ವರ್ಷದ ಅಂಕಪಟ್ಟಿ, ವೃತ್ತಿ ನೋಂದಣಿ, ಆರೋಗ್ಯದ ಸರ್ಟಿಫಿಕೇಟ್, ಪೊಲೀಸ್ ಪರಿಶೀಲನೆಯ ಪತ್ರ, ನನ್ನ ಬಗ್ಗೆ ಹೇಳಬಲ್ಲ ಇಬ್ಬರ ಪತ್ರ. ನನ್ನ ಹತ್ತಿರ ಎಲ್ಲಾ ಇತ್ತು. ಆದರೆ ಡಿಗ್ರಿಯಲ್ಲಿ ಇನಿಶಿಯಲ್ ಹೆಸರಿನ ಮುಂದೆ, ನೋಂದಣಿಯಲ್ಲಿ ಹಿಂದೆ, ಗುರುತಿನ ಚೀಟಿಯಲ್ಲಿ ಇನಿಶಿಯಲ್ ಬಿಡಿಸಿ ಪೂರ್ತಿ ಬರೆದಿತ್ತು. ಮೂರೂ ಒಬ್ಬಳೇ ಅಂತ ಸಾಬೀತು ಮಾಡಲು ಒಂದು ಅಫಿಡವಿಟ್, ಅದಕ್ಕೆ ಹತ್ತು ದಿನ. ಪೊಲೀಸ್ ಪತ್ರ ಎರಡೂ ಶಾಲೆಗೆ ಬೇರೆ ಬೇರೆ ಬೇಕಂತೆ, ಎರಡೂ ಅಸಲಿ ಬೇಕಂತೆ, ಜೆರಾಕ್ಸ್ ನಡೆಯಲ್ಲ. ಮಕ್ಕಳ ಸುರಕ್ಷತೆಯ ವಿಷಯ, ಕೇಳಲೇಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಮೊದಲೇ ಹೇಳಿದ್ದರೆ ಎರಡಕ್ಕೂ ಒಂದೇ ದಿನ ಅರ್ಜಿ ಹಾಕುತ್ತಿದ್ದೆ ಅಷ್ಟೇ. ಪತ್ರ ಕೊಡಬೇಕಿದ್ದ ನನ್ನ ಹಳೇ ಮೇಡಂಗೆ ಶಾಲೆಯಿಂದ ಹೋದ ಮೇಲ್ ಹನ್ನೆರಡು ದಿನ ಸ್ಪ್ಯಾಮ್‌ನಲ್ಲಿ ಬಿದ್ದಿತ್ತು. ಅವರು ಇವರನ್ನು ಕಾಯುತ್ತಾ, ಇವರು ಅವರನ್ನು ಕಾಯುತ್ತಾ, ಇಬ್ಬರ ನಡುವೆ ನಾನು.

ಇದರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅಂದರೆ, ಫೋನಿನ ಮಾತು ನಂಬಿ ಕ್ಲಿನಿಕ್ಕಿನಲ್ಲಿ ನನ್ನ ಸೆಷನ್‌ಗಳನ್ನೆಲ್ಲ ಬೇರೆಯವರಿಗೆ ಕೊಟ್ಟುಬಿಟ್ಟಿದ್ದು. ಏಳು ವಾರ ಕೈಯಲ್ಲಿ ಕಾಸಿಲ್ಲ. ಶುರುವಾಗುವ ದಿನಾಂಕ ಬರವಣಿಗೆಯಲ್ಲಿ ಬರುವ ತನಕ ಹಳೇ ಕೆಲಸ ಬಿಡಬೇಡಿ. ಯಾರ ಹೆಸರು ಕೊಡುತ್ತೀರೋ ಅವರಿಗೆ ನೀವೇ ಮೊದಲು ಫೋನ್ ಮಾಡಿ, ಸ್ಪ್ಯಾಮ್ ಕೂಡ ನೋಡಿ ಅಂತ ಹೇಳಿ. ಹೆಸರಿನ ಗೊಂದಲ ಇದ್ದರೆ ಇವತ್ತೇ ಸರಿ ಮಾಡಿಸಿಕೊಳ್ಳಿ. ಅದು ಎಲ್ಲಿ ಹೋದರೂ ಬೆನ್ನು ಬಿಡಲ್ಲ.

ದುಡ್ಡಿನ ವಿಷಯ. ಬದಲಿ ಕೆಲಸಕ್ಕೆ ಗಂಟೆ ಲೆಕ್ಕದ ಸಂಬಳ ಅಂದಾಗ ನಾನು ಖುಷಿಯಿಂದ ತಲೆಯಾಡಿಸಿದ್ದೆ, ಯಾವ ಗಂಟೆ ಅಂತ ಕೇಳಲಿಲ್ಲ. ಮಕ್ಕಳ ಜತೆ ಕೂತ ಗಂಟೆಗೆ ಮಾತ್ರ ಅಂತ ಆಮೇಲೆ ಗೊತ್ತಾಯಿತು. ಮೊದಲ ವಾರ ನಾನು 31 ಗಂಟೆ ದುಡಿದಿದ್ದೆ, ಬಿಲ್ಲಿಗೆ ಬಂದಿದ್ದು 18. ಉಳಿದದ್ದು ಫೈಲು ಓದಿದ್ದು, ನೋಟ್ಸ್ ಬರೆದದ್ದು, ಟೀಚರ್‌ಗಳ ಹಿಂದೆ ಓಡಿದ್ದು, ಒಂದು ಶಾಲೆಯಿಂದ ಇನ್ನೊಂದಕ್ಕೆ ಹೋಗಿದ್ದು. ಮಗು ಗೈರುಹಾಜರಾದರೆ ಆ ಗಂಟೆ ಹೋಯಿತು. ಪರೀಕ್ಷೆ ಇದ್ದರೆ ವಾರವೇ ಹೋಯಿತು. ವಾರ್ಷಿಕೋತ್ಸವದ ಪ್ರಾಕ್ಟೀಸ್ ಶುರುವಾದರಂತೂ ಮಕ್ಕಳು ಕೈಗೇ ಸಿಗಲ್ಲ. ಎರಡನೇ ತಿಂಗಳು ಧೈರ್ಯ ಮಾಡಿ ಕೇಳಿದೆ, ಬರವಣಿಗೆಗೆ ಅಂತ ವಾರಕ್ಕೆ ಮೂರು ಗಂಟೆ ಕೊಟ್ಟರು. ಸಹಿ ಹಾಕುವ ಮುಂಚೆ ಕೇಳಿದ್ದರೆ ಜಾಸ್ತಿ ಸಿಗುತ್ತಿತ್ತೇನೋ. ಲ್ಯಾಮಿನೇಶನ್, ಚಿತ್ರದ ಕಾರ್ಡು, ಸ್ಟಿಕ್ಕರ್, ಕನ್ನಡಿ ಎಲ್ಲಾ ನನ್ನ ಜೇಬಿನಿಂದಲೇ ಹೋಯಿತು. ಬಿಲ್ಲು ಇಟ್ಟುಕೊಂಡಿದ್ದಕ್ಕೆ ಅರ್ಧದಷ್ಟಾದರೂ ವಾಪಸ್ ಬಂತು.

ಮೊದಲ ದಿನ ಗೇಟಿನಲ್ಲೇ ನಿಂತೆ. ನನ್ನ ಹೆಸರು ಅವರ ಪುಸ್ತಕದಲ್ಲಿ ಇರಲಿಲ್ಲ. ಒಳಗೆ ಹೋದ ಮೇಲೆ ತಿಳಿದದ್ದು, ಥೆರಪಿ ರೂಮಿನಲ್ಲಿ ಈಗ ಕ್ರೀಡೆಯ ಸಾಮಾನು ತುಂಬಿದ್ದಾರೆ, ನನಗೆ ಕೊಟ್ಟಿರುವುದು ಸಂಗೀತದ ಕೋಣೆಯ ಪಕ್ಕದ ಸಣ್ಣ ಜಾಗ. 'ಸ' ಮತ್ತು 'ಶ' ವ್ಯತ್ಯಾಸ ಕೇಳಿಸಿಕೊಳ್ಳಬೇಕಾದ ಮಗು ಒಂದು ಕಡೆ, ಗೋಡೆಯ ಆಚೆ ಡ್ರಮ್ಮು ಇನ್ನೊಂದು ಕಡೆ. ಬೀರುವಿನ ಕೀ ಯಾರ ಹತ್ತಿರ ಇದೆ ಅಂತ ನಾಲ್ಕು ದಿನ ಯಾರಿಗೂ ಗೊತ್ತಿರಲಿಲ್ಲ. ಫೈಲುಗಳೆಲ್ಲ ಅದರೊಳಗೆ. ಕೈಗೆ ಕೊಟ್ಟ ಪಟ್ಟಿಯಲ್ಲಿ 41 ಮಕ್ಕಳು. ಅವರಲ್ಲಿ ಆರು ಜನ ಶಾಲೆಯನ್ನೇ ಬಿಟ್ಟಿದ್ದರು, ಪಟ್ಟಿಯಲ್ಲಿ ಇಲ್ಲದ ಮೂವರು ಹೊಸದಾಗಿ ಬಂದಿದ್ದರು. ಅಂತೂ 38 ಅಂತ ಲೆಕ್ಕ ಕುದುರುವಷ್ಟರಲ್ಲಿ ವಾರ ಮುಗಿದಿತ್ತು.

ನಾನು ಈಗ ಹೋದರೆ ಮೊದಲ ದಿನ ಏನು ಮಾಡುತ್ತೇನೆ ಹೇಳಲಾ? ಯಾವ ಮಗು ಯಾವ ಅಕ್ಷರ ತಪ್ಪು ಹೇಳುತ್ತೆ ಅಂತ ನೋಡೋಕೆ ಹೋಗಲ್ಲ. ನುಂಗುವ ತೊಂದರೆ ಯಾರಿಗಿದೆ, ಫಿಟ್ಸ್ ಯಾರಿಗೆ ಬರುತ್ತೆ, ಅಲರ್ಜಿ ಯಾರಿಗೆ, ಹಿಯರಿಂಗ್ ಏಡ್ ಯಾರ ಹತ್ತಿರ ಇದೆ, ಇದನ್ನು ಮೊದಲು ಕೇಳುತ್ತೇನೆ. ಬೀರು ತೆಗೆದ ದಿನ ಒಂದು ಫೈಲಿನ ಹನ್ನೊಂದನೇ ಪುಟದಲ್ಲಿ ಒಂದು ಸಾಲು ಕಂಡಿತು. ಆ ಹುಡುಗಿಗೆ ನೀರನ್ನು ಹಾಗೇ ಕೊಡಬಾರದು, ಪುಡಿ ಬೆರೆಸಿ ಮಂದ ಮಾಡಿಯೇ ಕೊಡಬೇಕು ಅಂತ. ತೆಳು ನೀರು ಕೆಲವು ಮಕ್ಕಳಿಗೆ ಶ್ವಾಸನಾಳದ ಕಡೆ ಜಾರುತ್ತೆ. ಕೆಮ್ಮು ಬರಬಹುದು, ಬಾರದೆಯೂ ಇರಬಹುದು, ಭಯ ಇರುವುದು ಅಲ್ಲೇ. ಎಷ್ಟು ಮಂದ ಅನ್ನೋದಕ್ಕೆ 0ಯಿಂದ 7ರವರೆಗೆ ಐಡಿಡಿಎಸ್‌ಐ ಅನ್ನೋ ಅಂತಾರಾಷ್ಟ್ರೀಯ ಅಳತೆ ಇದೆ, ಕುಡಿಯುವುದಕ್ಕೆ 0ಯಿಂದ 4, ತಿನ್ನುವುದಕ್ಕೆ 3ರಿಂದ 7. ಅವಳಿಗೆ 2, ಅಂದರೆ ಸ್ವಲ್ಪ ಮಂದ, ಅಂತ ಬರೆದಿತ್ತು. ತರಗತಿಯ ಸಹಾಯಕಿ ಹೊಸಬರು, ಅವರಿಗೆ ಯಾರೂ ಹೇಳಿರಲಿಲ್ಲ. ಅಲ್ಲಿಯ ತನಕ ನಾನು ಬಂದ ನಾಲ್ಕು ದಿನವೂ ಆ ಹುಡುಗಿ ಅಲ್ಲೇ ಇದ್ದಳು, ನನಗೂ ಗೊತ್ತಿರಲಿಲ್ಲ. ಅದೃಷ್ಟಕ್ಕೆ ಅವಳ ತಾಯಿ ಮನೆಯಿಂದಲೇ ಬೆರೆಸಿ ಕಳಿಸುತ್ತಿದ್ದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಫೈಲುಗಳು. ಹಿಂದಿನವರು ಚೆನ್ನಾಗಿಯೇ ಬರೆದಿದ್ದರು, ಆದರೆ ತಮಗೆ ಅರ್ಥವಾಗುವ ಹಾಗೆ. "ಕ-ಆ-ಪ-ಮ.ಸು 6/10." ಇದೇನು ಮಂತ್ರ ಅಂತ ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು: ಕ ಧ್ವನಿ, ಆರಂಭದಲ್ಲಿ, ಪದದ ಮಟ್ಟ, ಮಧ್ಯಮ ಸುಳಿವು ಕೊಟ್ಟಾಗ ಹತ್ತಕ್ಕೆ ಆರು ಸರಿ. ಒಮ್ಮೆ ಬಿಡಿಸಿಕೊಂಡ ಮೇಲೆ ಎಲ್ಲಾ ಫೈಲೂ ಓದಲು ಬಂತು. ಬೈಯಲು ಮನಸ್ಸಿಲ್ಲ, ನನ್ನ ಹಳೇ ನೋಟ್ಸ್ ಕೂಡ ಹೀಗೇ ಇವೆ.

ಆ 'ಕ' ಹುಡುಗನಿಂದಲೇ ನಾನು ಶುರು ಮಾಡಿದ್ದು. ಆರು ವರ್ಷ. ಕಪ್ಪೆಗೆ ತಪ್ಪೆ, ಗಡಿಯಾರಕ್ಕೆ ದಡಿಯಾರ. ನಾಲಿಗೆಯ ಹಿಂಭಾಗ ಎತ್ತಬೇಕಾದ ಕಡೆ ತುದಿ ಎತ್ತುತ್ತಿದ್ದ. ಸಣ್ಣ ಮಕ್ಕಳಲ್ಲಿ ಇದು ಮಾಮೂಲು, ಆದರೆ ಆರಕ್ಕೆ ಹೋಗಿರಬೇಕಿತ್ತು. ಹಿಂದಿನವರು ಅಮೆರಿಕದ ಹಳೇ ಸ್ಪೀಚ್ ಥೆರಪಿಸ್ಟ್ ಚಾರ್ಲ್ಸ್ ವ್ಯಾನ್ ರೈಪರ್ ಕಾಲದಿಂದ ಬಂದ ಹಳೇ ಮೆಟ್ಟಿಲನ್ನೇ ಹಿಡಿದಿದ್ದರು. ಮೊದಲು ಬಿಡಿ ಧ್ವನಿ, ಆಮೇಲೆ ಗುಣಿತ, ಪದ, ಪದಗುಚ್ಛ, ವಾಕ್ಯ, ಕೊನೆಗೆ ಮಾತುಕತೆ. ನನಗೆ ಕ್ಲಿನಿಕ್ಕಿನಲ್ಲಿ ಬೇರೆ ದಾರಿ ಅಭ್ಯಾಸ. ಒಂದೇ ಧ್ವನಿ ವ್ಯತ್ಯಾಸ ಇರುವ ಜೋಡಿ ಪದ ಇಟ್ಟು, ಅರ್ಥ ಬದಲಾಗುವುದನ್ನು ಮಗುವೇ ಗಮನಿಸುವ ಹಾಗೆ ಮಾಡುವುದು, 'ಕಲೆ' ಒಂದು ಚಿತ್ರ, 'ತಲೆ' ಇನ್ನೊಂದು ಚಿತ್ರ. ಅದಕ್ಕೆ ಬದಲಿಸಲು ಕೈ ತುರಿಸುತ್ತಿತ್ತು. ಬದಲಿಸಿದರೆ ಬೇಗ ಆಗುತ್ತಿತ್ತು ಅಂತ ಈಗಲೂ ಅನಿಸುತ್ತೆ. ಆದರೂ ಬದಲಿಸಲಿಲ್ಲ. ಐದು ತಿಂಗಳಿಗೆ ನಾನು ಹೋಗುತ್ತೇನೆ, ಅವನು ಮತ್ತೆ ಹಳೇ ದಾರಿಗೆ ಬರಬೇಕು. ಎರಡು ವಾರ ಸುಮ್ನೆ ಅಳತೆ ತೆಗೆದೆ, ಅವನು ನಿಜವಾಗಿ ಎಲ್ಲಿದ್ದಾನೆ ಅಂತ. ರಜೆಯಲ್ಲಿ ಹತ್ತಕ್ಕೆ ಆರು ಇದ್ದದ್ದು ಮೂರಕ್ಕೆ ಇಳಿದಿತ್ತು. ಈ ಅಳತೆ ಮೊದಲೇ ತೆಗೆದಿರದಿದ್ದರೆ, ನನ್ನ ಕಾಲದಲ್ಲೇ ಅವನು ಹಿಂದೆ ಬಿದ್ದ ಅಂತ ದಾಖಲೆ ಹೇಳುತ್ತಿತ್ತು. ಬದಲಿಗೆ ಹೋಗುವವರು ಇದನ್ನಂತೂ ತಪ್ಪಿಸಬೇಡಿ.

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗನ ಹತ್ತಿರ ನಾನು ಮೊದಲ ದಿನವೇ ಕೆಟ್ಟವಳಾದೆ. ತರಗತಿಯ ಬಾಗಿಲಲ್ಲಿ ನಿಂತು ಅವನ ಹೆಸರು ಕರೆದೆ, "ಸ್ಪೀಚ್‌ಗೆ ಬಾ ಪುಟ್ಟ" ಅಂದೆ. ಇಡೀ ತರಗತಿ ತಿರುಗಿ ನೋಡಿತು. ಅವನಿಗೆ ಉಗ್ಗು. ಹಿಂದಿನ ಮಿಸ್ ಮತ್ತು ಅವನ ನಡುವೆ ಒಂದು ಒಪ್ಪಂದ ಇತ್ತಂತೆ, ಅವನೇ ಗಂಟೆ ನೋಡಿಕೊಂಡು ನೀರು ಕುಡಿಯಲು ಹೋದ ಹಾಗೆ ಎದ್ದು ಬರುವುದು. ಅದು ಯಾವ ಫೈಲಿನಲ್ಲೂ ಇರಲಿಲ್ಲ. ಮೂರು ವಾರ ನನ್ನ ಹತ್ತಿರ ಹೂಂ, ಊಹೂಂ ಬಿಟ್ಟು ಏನೂ ಮಾತಾಡಲಿಲ್ಲ. ನಾನು ಕ್ಷಮೆ ಕೇಳಿದೆ. ದೊಡ್ಡವರು ಕ್ಷಮೆ ಕೇಳಿದ್ದು ಅವನಿಗೆ ವಿಚಿತ್ರವಾಗಿ ಕಂಡಿರಬೇಕು, ಒಂದು ಸಲ ನಕ್ಕ.

ಅವನ ಟೀಚರ್ ಬೇರೆ ದೂರು ತಂದರು. "ಇವನು ನಾಟಕ ಮಾಡ್ತಾನೆ ಮೇಡಂ. ಎಲ್ಲರ ಜತೆ ಪದ್ಯ ಹೇಳುವಾಗ ಒಂದು ಸಲವೂ ಉಗ್ಗಲ್ಲ, ನಾನು ಎಬ್ಬಿಸಿ ಓದು ಅಂದ್ರೆ ಮಾತ್ರ ಉಗ್ತಾನೆ." ಅವರು ಕಂಡದ್ದು ಸರಿಯಾಗಿಯೇ ಇತ್ತು, ಅರ್ಥ ಮಾಡಿಕೊಂಡದ್ದು ತಪ್ಪಾಗಿತ್ತು. ಒಟ್ಟಿಗೆ ದನಿಗೂಡಿಸಿ ಹೇಳುವಾಗ ಉಗ್ಗುವವರಲ್ಲಿ ಹೆಚ್ಚಿನವರಿಗೆ ಉಗ್ಗು ಬಹುಮಟ್ಟಿಗೆ ಮಾಯವಾಗುತ್ತೆ, ಹಾಡುವಾಗಲೂ ಅಷ್ಟೇ. ನಮ್ಮ ವೃತ್ತಿಯಲ್ಲಿ ಇದು ತುಂಬಾ ಹಳೇ ವಿಷಯ. ಹೆದರಿಕೆಯಿಂದಲೇ ಉಗ್ಗು ಹುಟ್ಟುತ್ತೆ ಅನ್ನೋದೂ ಸರಿಯಲ್ಲ, ಸಾಮಾನ್ಯವಾಗಿ ಎರಡರಿಂದ ಐದು ವರ್ಷದ ಒಳಗೆ, ವಾಕ್ಯ ಕಟ್ಟಲು ಕಲಿಯುವ ಹೊತ್ತಿನಲ್ಲಿ ಶುರುವಾಗುತ್ತೆ, ಬಹಳಷ್ಟು ಮಕ್ಕಳಲ್ಲಿ ತಾನಾಗೇ ಹೋಗುತ್ತೆ, ಕೆಲವರಲ್ಲಿ ಉಳಿಯುತ್ತೆ. ಟೀಚರ್‌ಗೆ ಇದನ್ನು ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೇಳದೆ ಕಾರಿಡಾರಿನಲ್ಲಿ ಹೇಳಿದೆ. ಮಾರನೇ ವಾರದಿಂದ ಅವರು ಓದುವ ಸರದಿಯಲ್ಲಿ ಇಬ್ಬಿಬ್ಬರನ್ನು ಜತೆಗೆ ಓದಿಸಲು ಶುರು ಮಾಡಿದರು. ಅವನೊಬ್ಬನನ್ನೇ ಅಲ್ಲ, ಎಲ್ಲರನ್ನೂ. ಆ ಐಡಿಯಾ ನನ್ನದಲ್ಲ, ಅವರದೇ. "ನಿಧಾನವಾಗಿ ಹೇಳು, ಉಸಿರು ತಗೋ" ಅನ್ನೋದನ್ನು ಬಿಡಿಸುವುದು ಮಾತ್ರ ಕೊನೆಯವರೆಗೂ ಆಗಲಿಲ್ಲ.

ಈಗ ಹೇಳಲು ನಾಚಿಕೆ ಆಗುವ ಭಾಗ.

ಇನ್ನೊಂದು ಶಾಲೆಯಲ್ಲಿ ಮಾತು ಬಾರದ ಒಬ್ಬ ಏಳು ವರ್ಷದ ಹುಡುಗ. ಅವನ ಮಾತೆಲ್ಲ ಒಂದು ಚಿತ್ರದ ಫೈಲಿನಲ್ಲಿ. ಪುಟಕ್ಕೆ ಇಪ್ಪತ್ತರಂತೆ ವೆಲ್ಕ್ರೋ ಅಂಟಿಸಿದ ಚಿತ್ರಗಳು: ಬೇಕು, ಬೇಡ, ಇನ್ನೂ, ಸಾಕು, ಹೋಗೋಣ, ನೋಯ್ತಿದೆ. ಫೈಲು ಹಳೆಯದಾಗಿತ್ತು, ಅಂಚು ಹರಿದಿತ್ತು, ಚಿತ್ರಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಚೆಲ್ಲಾಪಿಲ್ಲಿ ಇದ್ದವು. ಹಾಗಂತ ನನಗೆ ಕಂಡಿತು. ಒಂದು ಶನಿವಾರ ಮನೆಗೆ ತಂದು, ಹೊಸ ಪ್ರಿಂಟ್ ತೆಗೆದು, ಲ್ಯಾಮಿನೇಟ್ ಮಾಡಿ, ಕ್ರಿಯೆಯೆಲ್ಲ ಒಂದು ಕಡೆ, ವಸ್ತುವೆಲ್ಲ ಒಂದು ಕಡೆ, ಬಣ್ಣದ ಅಂಚು ಬೇರೆ ಕೊಟ್ಟು, ಚೆನ್ನಾಗಿ ಜೋಡಿಸಿದೆ. ನಾಲ್ಕು ಗಂಟೆ ಹಿಡಿಯಿತು. ಹೆಮ್ಮೆ ಕೂಡ ಆಯಿತು.

ಸೋಮವಾರ ಅವನು ಫೈಲು ತೆರೆದ. ಕೈ ಬಲಗಡೆ ಮೇಲಿನ ಮೂಲೆಗೆ ಹೋಯಿತು, ಅಲ್ಲಿದ್ದ ಚಿತ್ರ ಕಿತ್ತು ಸಹಾಯಕಿಗೆ ಕೊಟ್ಟ. ಅದು ಈಗ 'ಕುರ್ಚಿ'. ಅವರು ಕುರ್ಚಿ ಎಳೆದು ಕೊಟ್ಟರು. ಅವನು ಮತ್ತೆ ಅದೇ ಮೂಲೆಯಿಂದ ಕಿತ್ತು ಕೊಟ್ಟ. ಮತ್ತೆ ಕುರ್ಚಿ. ಮೂರನೇ ಸಲ ಫೈಲು ಎಸೆದು ತನ್ನ ಕೈಯನ್ನೇ ಕಚ್ಚಿಕೊಂಡ. ಆ ಮೂಲೆಯಲ್ಲಿ ಇದ್ದದ್ದು 'ಸಾಕು'. ಅವನು ಎರಡು ವರ್ಷದಿಂದ ಚಿತ್ರ ನೋಡಿ ಕೊಡುತ್ತಿರಲಿಲ್ಲ, ಜಾಗ ನೋಡಿ ಕೊಡುತ್ತಿದ್ದ. ನಾವು ಟೈಪ್ ಮಾಡುವಾಗ ಅಕ್ಷರ ಹುಡುಕುತ್ತೇವಾ, ಬೆರಳು ತಾನೇ ಹೋಗುತ್ತೆ ಅಲ್ವಾ, ಹಾಗೆ. ಚಿತ್ರ, ಬಟನ್ ಯಾವುದೇ ಇರಲಿ, ಇಂಥ ಪುಸ್ತಕದಲ್ಲಿ ಅಥವಾ ಯಂತ್ರದಲ್ಲಿ ಜಾಗ ಬದಲಿಸಬಾರದು ಅಂತ ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಮಾಡಿದೆ.

ಹಳೇ ಪುಟಗಳಿಂದ ಚಿತ್ರ ಕಿತ್ತಾಗಿತ್ತು. ಯಾವುದು ಎಲ್ಲಿತ್ತು ಅಂತ ನೆನಪಿಲ್ಲ. ಸಹಾಯಕಿ, ಮಕ್ಕಳೆಲ್ಲ ಅಕ್ಕ ಅಂತ ಕರೆಯುವವರು, ತಮ್ಮ ಫೋನು ತೆಗೆದು ಏನೂ ಹೇಳದೆ ನನ್ನ ಮುಂದೆ ಇಟ್ಟರು. ಫೈಲು ಕಳೆದುಹೋದರೆ ಬೇಕಾಗುತ್ತೆ ಅಂತ ಅವರು ಹಿಂದಿನ ವರ್ಷವೇ ಎಲ್ಲಾ ಪುಟದ ಫೋಟೋ ಹೊಡೆದಿದ್ದರು. ಅವತ್ತೇ ಕೂತು ವಾಪಸ್ ಜೋಡಿಸಿದೆವು. ಮಾರನೇ ದಿನ ಅವನು ಸರಿಹೋದ, ಆದರೆ ನಾನು ಕೋಣೆಗೆ ಬಂದಾಗಲೆಲ್ಲ ಫೈಲು ಎದೆಗೆ ಒತ್ತಿಕೊಳ್ಳುತ್ತಿದ್ದ. ಅದು ಹೋಗಲು ಒಂದು ತಿಂಗಳು ಬೇಕಾಯಿತು. ಹೊಸ ಶಾಲೆಗೆ ಹೋದ ತಕ್ಷಣ ಎಲ್ಲದರ ಫೋಟೋ ತೆಗೆಯಿರಿ. ಪುಸ್ತಕ, ಗೋಡೆಯ ಚಾರ್ಟು, ಮೇಜು ಯಾವ ಕಡೆ ತಿರುಗಿದೆ, ಆಟದ ಸಾಮಾನು ಯಾವ ಡಬ್ಬಿಯಲ್ಲಿ. ಮಗುವಿನ ಫೋಟೋ ಮಾತ್ರ ಬೇಡ, ಅದಕ್ಕೆ ಪಾಲಕರ ಒಪ್ಪಿಗೆ ಬೇಕು. ಮತ್ತೆ, ಫೈಲಿಗಿಂತ ಮೊದಲು ಅಕ್ಕನ ಹತ್ತಿರ ಮಾತಾಡಿ. ನನಗೆ ಇದು ಗೊತ್ತಾಗಲು ಒಂದು ಮಗು ಕೈ ಕಚ್ಚಿಕೊಳ್ಳಬೇಕಾಯಿತು.

ಅದೇ ಶಾಲೆಯಲ್ಲಿ ಹಿಯರಿಂಗ್ ಏಡ್ ಹಾಕುವ ಇಬ್ಬರಿದ್ದರು. ಅವರಲ್ಲಿ ಒಬ್ಬಳ ಬಗ್ಗೆ "ಗಮನ ಕಡಿಮೆ, ಹಟ ಜಾಸ್ತಿ" ಅಂತ ಎಲ್ಲರೂ ಹೇಳುತ್ತಿದ್ದರು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವುದರಲ್ಲಿ ಹೆಸರಾದ ಡೇನಿಯಲ್ ಲಿಂಗ್ ಅವರ ಆರು ಧ್ವನಿಯ ಪರೀಕ್ಷೆ ಮಾಡಿದೆ. ತುಟಿ ಕಾಣದ ಹಾಗೆ ಬಾಯಿಗೆ ಏನಾದರೂ ಅಡ್ಡ ಹಿಡಿದು ಮ್, ಊ, ಆ, ಈ, ಶ್, ಸ್ ಅಂತ ಒಂದೊಂದಾಗಿ ಹೇಳುವುದು, ಕೇಳಿಸಿದರೆ ಮಗು ಕೈ ಎತ್ತುವುದು, ಅಷ್ಟೇ. ಎರಡು ನಿಮಿಷದ ಕೆಲಸ, ಮಾತಿನ ಕೆಳ ಸ್ವರದಿಂದ ಮೇಲಿನ ಸ್ವರದವರೆಗೆ ಎಲ್ಲಾ ಇದರಲ್ಲಿ ಬರುತ್ತೆ. ಒಂದು ಕಿವಿಯಲ್ಲಿ ಆರಕ್ಕೆ ಆರೂ ಇಲ್ಲ. ಬ್ಯಾಟರಿ ಸತ್ತು ಎಷ್ಟು ದಿನ ಆಗಿತ್ತೋ. ಅವರ ಮನೆಯಲ್ಲಿ ಬ್ಯಾಟರಿ ಒಟ್ಟಿಗೆ ಸ್ಟಿಕ್ಕರ್ ಕಿತ್ತು ಡಬ್ಬಿಯಲ್ಲಿ ಇಟ್ಟಿದ್ದರಂತೆ, ಸುಲಭ ಆಗಲಿ ಅಂತ. ಈ ಬ್ಯಾಟರಿಗಳು ಗಾಳಿಯಿಂದ ಕೆಲಸ ಮಾಡುತ್ತವೆ, ಸ್ಟಿಕ್ಕರ್ ಕಿತ್ತ ಗಳಿಗೆಯಿಂದ ಹಾಕದಿದ್ದರೂ ಸವೆಯುತ್ತಾ ಹೋಗುತ್ತವೆ. ಹೊಸ ಬ್ಯಾಟರಿ ಹಾಕಿದ ಮೇಲೆ ಹಟವೂ ಅರ್ಧ ಹೋಯಿತು. ದಿನಾ ಬೆಳಿಗ್ಗೆ ಕ್ಲಾಸ್ ಟೀಚರ್ ಈ ಆರು ಧ್ವನಿ ಹೇಳಿಸಲಿ ಅಂತ ಒಂದು ಚೀಟಿ ಬರೆದು ಬೋರ್ಡಿನ ಪಕ್ಕ ಅಂಟಿಸಿ ಬಂದೆ. ಹೋಗುವ ದಿನ ನೋಡಿದೆ, ಚೀಟಿ ಇನ್ನೂ ಇತ್ತು.

ಮನೆಯಲ್ಲಿ ಹರಳು ಹುರಿದ ಹಾಗೆ ಮಾತಾಡಿ ಶಾಲೆಗೆ ಬಂದ ತಕ್ಷಣ ಬಾಯಿಗೆ ಬೀಗ ಹಾಕುವ ಹುಡುಗಿಯೂ ಒಬ್ಬಳಿದ್ದಳು. ಅದು ಹಟ ಅಲ್ಲ, ಆತಂಕ. ಇಂಥ ಮಕ್ಕಳಿಗೆ ಮಾತಾಡು ಅಂತ ಒತ್ತಾಯ ಮಾಡಬಾರದು, ಅವರು ಈಗಾಗಲೇ ಮಾತಾಡುವ ಒಬ್ಬರ ಜತೆ ಇರುವಾಗ ನಾವು ಮೆಲ್ಲಗೆ ದೂರದಿಂದ ಹತ್ತಿರ ಬರಬೇಕು. ಬದಲಿಯಾಗಿ ಬಂದವರಿಗೆ ಇದು ಅತಿ ಕಷ್ಟ, ಯಾಕೆಂದರೆ ಹತ್ತಿರ ಬರುವಷ್ಟರಲ್ಲಿ ಹೋಗುವ ದಿನ ಬಂದಿರುತ್ತೆ. ಅವಳ ಗೆಳತಿಯನ್ನೂ ಸೇರಿಸಿಕೊಂಡು ಬೋರ್ಡ್ ಗೇಮ್ ಆಡುತ್ತಿದ್ದೆವು. ನಾನು ಮೊದಲು ಬಾಗಿಲ ಬಳಿ, ಆಮೇಲೆ ಕಿಟಕಿ ಬಳಿ, ಆಮೇಲೆ ಮೇಜಿನ ತುದಿಯಲ್ಲಿ. ನಾಲ್ಕು ತಿಂಗಳಲ್ಲಿ ನಾನು ಕ್ರಮಿಸಿದ ದೂರ ಸುಮಾರು ಹನ್ನೆರಡು ಅಡಿ.

ಮೂರನೇ ತಿಂಗಳು ವಾರ್ಷಿಕ ಪರಿಶೀಲನೆಯ ಮೀಟಿಂಗ್‌ಗಳು ಬಂದವು. ಪ್ರತಿ ಮಗುವಿನ ಐಇಪಿ, ಅಂದರೆ ಆ ಮಗುವಿಗಾಗಿಯೇ ಬರೆದ ಕಲಿಕೆಯ ಯೋಜನೆ, ಮುಂದಿಟ್ಟುಕೊಂಡು ಪಾಲಕರ ಜತೆ ಕೂರುವುದು. ಒಬ್ಬ ತಾಯಿ ನನ್ನ ರಿಪೋರ್ಟ್ ಪೂರ್ತಿ ಕೇಳಿ, "ನೀವು ನನ್ನ ಮಗನ್ನ ಎಷ್ಟು ಸಲ ನೋಡಿದೀರಾ?" ಅಂದರು. ಹನ್ನೊಂದು ಸಲ ಅಂದೆ. "ನಾನು ಎಂಟು ವರ್ಷದಿಂದ ನೋಡ್ತಿದೀನಿ." ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವರ ಮಾತು ನ್ಯಾಯವಾಗಿಯೇ ಇತ್ತು. ನಾನು ಪೆನ್ನು ತೆಗೆದು, "ಹಾಗಾದ್ರೆ ಇದರಲ್ಲಿ ಎಲ್ಲಿ ತಪ್ಪಿದೆ ಹೇಳಿ, ಬರ್ಕೊಳ್ತೀನಿ" ಅಂದೆ. ನಲವತ್ತು ನಿಮಿಷ ಹೇಳಿದರು. ಅದರಲ್ಲಿ ಎರಡು ವಿಷಯ ಯಾವ ಫೈಲಿನಲ್ಲೂ ಇರಲಿಲ್ಲ. ಆಮೇಲಿನ ಎಲ್ಲಾ ರಿಪೋರ್ಟಿನಲ್ಲೂ ನಾನು ಎಷ್ಟು ಸೆಷನ್ ನೋಡಿದ್ದೇನೆ ಅಂತ ಮೊದಲ ಸಾಲಿನಲ್ಲೇ ಬರೆಯಲು ಶುರು ಮಾಡಿದೆ. ನಾನೇ ಕಂಡದ್ದು ಯಾವುದು, ಹಿಂದಿನ ದಾಖಲೆಯಿಂದ ತಗೊಂಡದ್ದು ಯಾವುದು, ಅದೂ ಬೇರೆ ಬೇರೆ.

ಇದೇ ಹೊತ್ತಿಗೆ ಆಫೀಸಿನಿಂದ ಒಂದು ಕಟ್ಟು ಫಾರಂ ಬಂತು. ನಾನು ಬರುವ ಮುಂಚಿನ ಏಳು ವಾರ ಥೆರಪಿಸ್ಟ್ ಇಲ್ಲದೆ ಸೆಷನ್ ನಡೆದಿರಲಿಲ್ಲ. ಆ ವಾರಗಳ ಹಾಳೆ ಖಾಲಿ ಇದ್ದರೆ ತಪಾಸಣೆಯಲ್ಲಿ ಪ್ರಶ್ನೆ ಬರುತ್ತೆ, "ಸುಮ್ನೆ ಒಂದು ಸಹಿ ಹಾಕ್ಬಿಡಿ ಮೇಡಂ" ಅಂದರು. ಕೇಳಿದ ರೀತಿ ತುಂಬಾ ಸಹಜವಾಗಿತ್ತು, ಚಹಾ ಬೇಕಾ ಅಂತ ಕೇಳಿದ ಹಾಗೆ. ಹಾಕಲ್ಲ ಅಂದೆ. ಎರಡು ದಿನ ಯಾರೂ ಸರಿಯಾಗಿ ಮುಖ ಕೊಟ್ಟು ಮಾತಾಡಲಿಲ್ಲ. ಭಯವೂ ಆಯಿತು, ಬದಲಿಯವಳನ್ನು ತೆಗೆಯಲು ಒಂದು ಫೋನು ಸಾಕು. ಕೊನೆಗೆ "ಥೆರಪಿಸ್ಟ್ ಇಲ್ಲದ ಕಾರಣ ಸೆಷನ್ ನಡೆದಿಲ್ಲ" ಅಂತ ಒಂದೇ ಸಾಲಿನ ಪತ್ರ ಬರೆದುಕೊಟ್ಟೆ, ಅದಕ್ಕೆ ಸಹಿ ಹಾಕಿದೆ. ಅದನ್ನೇ ಸೇರಿಸಿದರು, ಮತ್ತೇನೂ ಆಗಲಿಲ್ಲ. ನಿಮಗೂ ಇಂಥದ್ದು ಬರಬಹುದು. ನಡೆಯದ ಸೆಷನ್ನಿಗೆ ಸಹಿ ಹಾಕಿದರೆ ಹೋಗುವುದು ನಿಮ್ಮ ನೋಂದಣಿ, ಅವರದಲ್ಲ. ಹಾಗೇ, ಆ ಮಕ್ಕಳಿಗೆ ಸಿಗದೆ ಹೋದ ಏಳು ವಾರ ಕಾಗದದ ಮೇಲೂ ಮಾಯವಾಗುತ್ತೆ.

ನಾಲ್ಕನೇ ತಿಂಗಳು ನನ್ನ ದನಿಯೇ ಕೂತುಹೋಯಿತು. ಡ್ರಮ್ಮಿನ ಮೇಲೆ ಕೂಗಿ ಕೂಗಿ. ಧ್ವನಿ ಕಾಪಾಡಿಕೊಳ್ಳುವುದು ಹೇಗೆ ಅಂತ ಟೀಚರ್‌ಗಳಿಗೆ ಪಾಠ ಮಾಡಿದವಳು ನಾನೇ, ಎರಡು ವಾರದ ಹಿಂದೆ. ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಅಂದುಕೊಳ್ಳಬೇಡಿ, ಗಟ್ಟಿಯಾಗಿ ಪಿಸುಗುಟ್ಟುವುದು ಇನ್ನೂ ಶ್ರಮ, ಸುಮ್ಮನಿರಿ ಅಂತ ಹೇಳಿದ್ದೆ. ಈಗ ಮಕ್ಕಳು ನನ್ನನ್ನೇ "ಮಿಸ್, ಶ್!" ಅಂತ ಸುಮ್ಮನಿರಿಸುತ್ತಿದ್ದರು. ನಾಲ್ಕು ದಿನ ರಜೆ, ಆ ನಾಲ್ಕು ದಿನಕ್ಕೂ ಸಂಬಳ ಇಲ್ಲ.

ಕೊನೆಯ ಎರಡು ವಾರ ನಾನು ಹೊಸದೇನೂ ಮಾಡಲಿಲ್ಲ. ಪ್ರತಿ ಮಗುವಿಗೆ ಒಂದು ಪುಟ ಬರೆದೆ, ಸಂಕೇತ ಇಲ್ಲದೆ, ಬಿಡಿಸಿ. ಎಲ್ಲಿ ಶುರುವಾಯಿತು, ಎಲ್ಲಿಗೆ ಬಂತು, ಏನು ಮಾಡಿದರೆ ನಗುತ್ತೆ, ಏನು ಮಾಡಿದರೆ ಮುಖ ತಿರುಗಿಸುತ್ತೆ. ಉಗ್ಗುವ ಹುಡುಗನ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ, ತರಗತಿಯಲ್ಲಿ ಹೆಸರು ಕರೆಯಬೇಡಿ. ಮಂದ ನೀರಿನ ವಿಷಯ ಫೈಲಿನ ರಟ್ಟಿನ ಮೇಲೇ ಅಂಟಿಸಿದೆ. ಮಕ್ಕಳಿಗೂ ಹೇಳಿದೆ, ಕೊನೆಯ ದಿನ ಅಲ್ಲ, ಎರಡು ವಾರ ಮುಂಚೆ. ಸಣ್ಣವರಿಗೆ ಕ್ಯಾಲೆಂಡರ್ ಮಾಡಿ ದಿನಕ್ಕೊಂದು ಚೌಕ ಬಣ್ಣ ಹಚ್ಚಿಸಿದೆ. 'ಕ' ಹುಡುಗ ವಾಕ್ಯದ ಮಟ್ಟಕ್ಕೆ ಬಂದಿದ್ದ, ಹತ್ತಕ್ಕೆ ಏಳು. ಬೇಜಾರಿನಲ್ಲಿ ಮಾತ್ರ ಇನ್ನೂ ತಪ್ಪೆ.

ಕಾಯಂ ಥೆರಪಿಸ್ಟ್ ಕೊನೆಯ ಶುಕ್ರವಾರ ಎರಡು ಗಂಟೆಗೆ ಬಂದರು. ನನಗೆ ಅವರು ಫೈಲಿನ ಅಕ್ಷರದಿಂದಲೇ ಪರಿಚಯ, ಮುಖ ನೋಡಿದ್ದು ಅದೇ ಮೊದಲು. ನಾನು ಬರೆದ ಪುಟಗಳನ್ನು ತಿರುಗಿಸುತ್ತಾ ಮೌನದ ಹುಡುಗಿಯ ಪುಟದ ಹತ್ತಿರ ನಿಂತರು.

"ಮಾತಾಡಿದ್ಲಾ?"

"ನನ್ನ ಜತೆ ಇಲ್ಲ. ನಾನು ಮೇಜಿನ ತುದಿಯಲ್ಲಿ ಕೂತಿದ್ದಾಗ ಗೆಳತಿ ಕಿವಿಯಲ್ಲಿ ಎರಡು ಸಲ ಏನೋ ಹೇಳಿದ್ಲು. ಏನು ಅಂತ ಕೇಳಿಸಲಿಲ್ಲ."

"ಮೇಜಿನ ತುದಿ ಅಂದ್ರೆ ಈ ಕಡೆಯದಾ, ಕಿಟಕಿ ಕಡೆಯದಾ?"

ತೋರಿಸಿದೆ. ಅವರು ಆ ಕುರ್ಚಿಯ ಕಾಲಿನ ಪಕ್ಕ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರುತು ಹಾಕಿಕೊಂಡರು. ನಾನು ಕೀ ಕೊಟ್ಟೆ, ಚಿತ್ರದ ಫೈಲಿನ ಕಥೆಯನ್ನೂ ಹೇಳಿದೆ. ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. ಅವರೂ ಮೊದಲ ವರ್ಷ ಅದನ್ನೇ ಮಾಡಿದ್ದರಂತೆ. ಅಕ್ಕ ಫೋಟೋ ಹೊಡೆದು ಇಟ್ಟದ್ದು ಅದಾದ ಮೇಲೆ.

ನಿನ್ನೆ ಇನ್ನೊಂದು ಶಾಲೆಯಿಂದ ಫೋನ್ ಬಂದಿದೆ, ಮೂರು ತಿಂಗಳ ಬದಲಿ. ಹೋಗಬೇಕು ಅಂತಲೇ ಇದೆ. ಈ ಸಲ ಯಾವ ಗಂಟೆಗೆ ಸಂಬಳ ಅಂತ ಮೊದಲೇ ಕೇಳಿದೆ, ಮೇಲ್‌ನಲ್ಲಿ ಬರೆಸಿಯೂ ಕೊಂಡೆ. ಪೊಲೀಸ್ ಪತ್ರ ಮಾತ್ರ ಹಳೆಯದು ನಡೆಯಲ್ಲವಂತೆ, ಹೊಸದೇ ಬೇಕಂತೆ. ಇವತ್ತು ಬೆಳಿಗ್ಗೆ ಅರ್ಜಿ ಹಾಕಿ ಬಂದೆ.